ತಿಳಿವಳಿಕೆ ಬಂದ ಮೇಲೆ ಹೇಳುವ ಮಾತು

ನಮ್ಮೂರು ಗುಡಗೇರಿಯಲ್ಲಿ ಲಿಂಗಾಯತರ ಮನೆಯಲ್ಲಿ ಕೂಸು ಹುಟ್ಟಿದರೆ ಕೆಲವೇ ದಿನಗಳಲ್ಲಿ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಸಣ್ಣವನಿದ್ದಾಗ ಅಜ್ಜಿಯನ್ನು ಕೇಳಿದ್ದೆ: ‘ಕೂಸಿಗೆ ಏನ್ ತಿಳೀತೈತಿ ಅಮ್ಮಾ?’ ಅಜ್ಜಿ ಹೇಳಿದ್ದಳು: ‘ಈಗ ನಾವು ಕಟ್ಟತೇವಿ. ತಿಳಿವಳಿಕಿ ಬಂದ ಮ್ಯಾಲೆ ದೀಕ್ಷಾ ತಗೊಂಡು ತಾನ ನಡೆಸಿಕೊಂಡು ಹೋಗಬೇಕು.’

ಧಾರವಾಡ ಸೀಮೆಯ ಬಾಸೆಲ್ ಮಿಶನ್ ಸಭೆಗಳ ಚರಿತ್ರೆ ಓದುವಾಗ ಈ ಮಾತು ಮತ್ತೆ ನೆನಪಾಯಿತು. ಕನ್ನಡದ ಪ್ರಾಟೆಸ್ಟಂಟರು ತಮ್ಮ ಮಕ್ಕಳಿಗೆ ಮಾಡಿಸುವ ಸಂಸ್ಕಾರದ ಹೆಸರಿನಲ್ಲೇ ನಮ್ಮ ಶಬ್ದವಿದೆ: ದೀಕ್ಷಾಸ್ನಾನ. ಕೂಸಿನ ಪರವಾಗಿ ಅಂದು ದೊಡ್ಡವರು ಮಾತು ಕೊಡುತ್ತಾರೆ. ಆ ಮಾತನ್ನು ಮಗು ಬೆಳೆದ ಮೇಲೆ ಸಭೆಯ ಎದುರು ನಿಂತು ತನ್ನದಾಗಿ ಹೇಳುವುದೇ ದೃಢೀಕರಣ. ಅಲ್ಲಿಂದ ಮುಂದೆ ಕರ್ತನ ಭೋಜನದಲ್ಲಿ ಪಾಲು.

ದೃಢೀಕರಣ ಒಂದು ಸಂಸ್ಕಾರವೆಂಬುದನ್ನು ಮಾರ್ಟಿನ್ ಲೂಥರ್ ಒಪ್ಪಲಿಲ್ಲ. ಆದರೆ ತಿಳಿಯದೆ ನಂಬುವುದೂ ಅವನಿಗೆ ಸಾಲದು. 1529ರಲ್ಲಿ ಅವನು ಬರೆದ ಚಿಕ್ಕ ಪ್ರಶ್ನೋತ್ತರವು ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳನ್ನು ತುಂಡುತುಂಡಾಗಿ ಮುಂದಿಟ್ಟು, ಅದರ ಅರ್ಥವೇನೆಂದು ಮತ್ತೆಮತ್ತೆ ಕೇಳುತ್ತದೆ. ಮಾರ್ಟಿನ್ ಬುಟ್ಸರ್ 1539ರ ಸುಮಾರಿಗೆ ಜರ್ಮನಿಯ ಹೆಸ್ಸೆಯಲ್ಲಿ ಈ ಕಲಿಕೆಗೆ ದೃಢೀಕರಣದ ವಿಧಿಯನ್ನು ಜೋಡಿಸಿದ. ಡೆನ್ಮಾರ್ಕ್-ನಾರ್ವೆಯಲ್ಲಿ 1736ರಲ್ಲಿ ದೃಢೀಕರಣ ಕಡ್ಡಾಯವಾಯಿತು. ಮೂರೇ ವರ್ಷಕ್ಕೆ, 1739ರಲ್ಲಿ, ನಾರ್ವೆಯ ಹಳ್ಳಿ ಮಕ್ಕಳಿಗೆಲ್ಲ ಶಾಲೆಯ ಕಾನೂನು ಬಂತು. ಉತ್ತರ ಹೇಳಬೇಕಾದರೆ ಮೊದಲು ಅಕ್ಷರ ಬರಬೇಕಲ್ಲವೆ?

ಈ ಪದ್ಧತಿಯೇ ಹಡಗು ಹತ್ತಿ ನಮ್ಮ ಕಡೆ ಬಂತು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್‌ನಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು. ಕನ್ನಡ ನಾಡಿಗೆ ಬಂದ ಮೋಗ್ಲಿಂಗ್‌ರಂಥ ಹಲವರು ಲೂಥರನ್ ಸೀಮೆಯಾದ ವುರ್ಟೆಂಬರ್ಗ್‌ನವರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಠಾಣೆಗಳ ಜೊತೆ ಶಾಲೆಗಳೂ ಬಂದವು. ಮಂಗಳೂರಿನ ಛಾಪಖಾನೆಯಿಂದ ಕನ್ನಡ ಪುಸ್ತಕಗಳು ಬಂದವು. ಓದುಬರಹ ಕೆಲವೇ ಜಾತಿಗಳ, ಅದೂ ಗಂಡಸರ ಸೊತ್ತಾಗಿದ್ದ ಕಾಲದಲ್ಲಿ, ನೇಕಾರನ ಮಗಳೂ ಪಾಠ ಕಲಿತು ಊರೆದುರು ಬಾಯಿಬಿಟ್ಟು ಉತ್ತರ ಹೇಳಬೇಕಾಯಿತು. ಅದೂ ಕನ್ನಡದಲ್ಲಿ.

ಇಲ್ಲಿ ಒಂದು ತೊಡಕಿದೆ. ಈ ಮಿಶನರಿಗಳು ಪಯಟಿಸ್ಟ್ ಪರಂಪರೆಯವರು. ಅವರಿಗೆ ಬೇಕಾದದ್ದು ಮನಸ್ಸಿನ ಮಾರ್ಪಾಟು. ಪ್ರಶ್ನೋತ್ತರವಾದರೋ ಬಾಯಿಪಾಠದ ಪುಸ್ತಕ. ಗಿಣಿಯ ಹಾಗೆ ಒಪ್ಪಿಸುವ ಹುಡುಗನ ಒಳಗೇನಿದೆ ಎಂದು ಪಾಠ ಹೇಳಿದವರು ತಿಳಿಯುವುದಾದರೂ ಹೇಗೆ?

ಹಿರಿಯರು ಧಾತು-ಈಶ್ವರ ಬರ ಎನ್ನುವ 1876–78ರ ಬರಗಾಲದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಯಿತು. ತಾಯಿತಂದೆ ಸತ್ತ ಮಕ್ಕಳು ಮಿಶನ್ನಿನ ಅನಾಥಾಲಯ ಸೇರಿದರು. ಹೊಟ್ಟೆಗಾಗಿ ಮತ ಬಿಟ್ಟವರು ಎಂಬ ಮಾತನ್ನು ಇಂಥವರ ಬಗ್ಗೆ ಈಗಲೂ ಸಲೀಸಾಗಿ ಆಡುತ್ತೇವೆ. ಹಸಿದ ಮಗುವಿಗೆ ಸ್ನಾನ ಕೊಟ್ಟಾಗ ಅದರ ಒಪ್ಪಿಗೆ ಕೇಳಿದವರಿಲ್ಲ, ನಿಜ. ಆದರೆ ಹಸಿವು ತೀರಿ ವರ್ಷಗಳಾದ ಮೇಲೆ, ಅಕ್ಷರ ಕಲಿತ ಮೇಲೆ, ನಿನ್ನ ಮಾತೇನು ಎಂದು ಕೇಳುವ ದಿನವೊಂದು ಬರುತ್ತಿತ್ತು. ಮತಾಂತರದ ಚರಿತ್ರೆ ಬರೆಯುವವರು ಸ್ನಾನದ ಲೆಕ್ಕ ಹಿಡಿಯುತ್ತಾರೆ. ಈ ಎರಡನೆಯ ದಿನದ ಕಡೆ ನೋಡುವುದು ಕಡಿಮೆ.

ಹಾಗೆಂದು ಆ ದಿನವನ್ನು ಪೂರ್ತಿ ಸ್ವಾತಂತ್ರ್ಯದ ದಿನವೆನ್ನಲೂ ಆಗದು. ಅನ್ನ, ಸೂರು, ಶಾಲೆ ಎಲ್ಲ ಮಿಶನ್ನಿನದಾಗಿರುವಾಗ ‘ಇಲ್ಲ’ ಎನ್ನುವ ಎದೆ ಎಷ್ಟು ಮಕ್ಕಳಿಗೆ ಇದ್ದೀತು? ಕೇಳುವುದೇನೋ ಕೇಳಿದರು, ಬೇರೆ ಉತ್ತರಕ್ಕೆ ಜಾಗ ಕಡಿಮೆಯಿತ್ತು.

1914ರ ಯುದ್ಧ ಶುರುವಾದ ಮೇಲೆ ಜರ್ಮನ್ ಮಿಶನರಿಗಳು ಇಲ್ಲಿಂದ ಹೋಗಬೇಕಾಯಿತು. ಸಭೆಯ ಹೊಣೆ ಹೆಚ್ಚುಹೆಚ್ಚಾಗಿ ಕನ್ನಡದ ಸಭಾಪಾಲಕರ ಹೆಗಲಿಗೆ ಬಂತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯನ್ನು ಈ ಭಾಗದ ಸಭೆಗಳು ತಡವಾಗಿ ಸೇರಿದವು. ಬಾಸೆಲ್ ಮಿಶನ್ನಿನಲ್ಲಿ ಬಿಷಪ್ಪರೇ ಇರಲಿಲ್ಲ. ಪಾಠ ಹೇಳಿದ ಪಾಲಕರೇ ಮಕ್ಕಳ ತಲೆಯ ಮೇಲೆ ಕೈಯಿಡುತ್ತಿದ್ದರು. ಹೊಸ ಸಭೆಯಲ್ಲಿ ಸಾಮಾನ್ಯವಾಗಿ ಅದು ಬಿಷಪ್ಪರ ಕೆಲಸ. ಕೈ ಬದಲಾಯಿತು, ಪ್ರಶ್ನೆ ಉಳಿಯಿತು.

ಈ ಓದು ನನ್ನನ್ನು ಮನೆಗೇ ತಂದು ನಿಲ್ಲಿಸಿದೆ. ಅಜ್ಜಿ ಹೇಳಿದ ತಿಳಿವಳಿಕೆ ಬರುವ ಹೊತ್ತಿಗೆ ನನ್ನ ಕೊರಳಿನ ಲಿಂಗ ದೇವರ ಜಗುಲಿ ಸೇರಿತ್ತು. ಬೇಕೋ ಬೇಡವೋ ಎಂದು ನನ್ನನ್ನು ಕೇಳಿದವರಿಲ್ಲ. ಬೆಟಗೇರಿಯ ಆ ಅನಾಥ ಮಗುವನ್ನು ಕಡೆಗೂ ಒಂದು ದಿನ ಕೇಳಿದ್ದರು.