ಸಣ್ಣ ಗುತ್ತಿಗೆದಾರರ ಆದಾಯ ತೆರಿಗೆ ಮತ್ತು ಲೆಕ್ಕಪರಿಶೋಧಕರ ಶುಲ್ಕ

ಸ್ವಂತ ಹೆಸರಿನಲ್ಲಿ ಕಟ್ಟಡ, ರಸ್ತೆ, ವಿದ್ಯುತ್, ಬಣ್ಣ ಬಳಿಯುವಿಕೆ ಮೊದಲಾದ ಕಾಮಗಾರಿಗಳನ್ನು ನಿರ್ವಹಿಸುವ ಗುತ್ತಿಗೆದಾರರು ತಮ್ಮ ಆದಾಯವನ್ನು ಎರಡು ವಿಧಾನಗಳಲ್ಲಿ ಲೆಕ್ಕ ಹಾಕಬಹುದಾಗಿದೆ. ಲೆಕ್ಕಪರಿಶೋಧಕರಿಗೆ ನೀಡುವ ಶುಲ್ಕವನ್ನು ವೆಚ್ಚವಾಗಿ ಕಳೆಯಬಹುದೇ ಎಂಬುದು ಆರಿಸಿಕೊಂಡ ವಿಧಾನವನ್ನು ಅವಲಂಬಿಸಿರುತ್ತದೆ. 2025-26ನೇ ಹಣಕಾಸು ವರ್ಷದ ಆದಾಯಕ್ಕೆ ಅನ್ವಯಿಸುವ ನಿಯಮಗಳನ್ನು ಇಲ್ಲಿ ನೀಡಲಾಗಿದೆ.

1. ಅಂದಾಜು ಆದಾಯ ವಿಧಾನ

ಆದಾಯ ತೆರಿಗೆ ಕಾಯ್ದೆ, 1961ರ ಕಲಂ 44ಎಡಿ ಅನ್ವಯ, ವಾರ್ಷಿಕ ವಹಿವಾಟು ರೂ. 2 ಕೋಟಿ ಮೀರದ ಗುತ್ತಿಗೆದಾರರು ಈ ವಿಧಾನಕ್ಕೆ ಅರ್ಹರು. ನಗದು ಸ್ವೀಕೃತಿಯು ಒಟ್ಟು ಸ್ವೀಕೃತಿಯ ಶೇ. 5ನ್ನು ಮೀರದಿದ್ದಲ್ಲಿ ಈ ಮಿತಿಯು ರೂ. 3 ಕೋಟಿ ಆಗಿರುತ್ತದೆ.

ಬ್ಯಾಂಕ್ ಮೂಲಕ ಸ್ವೀಕರಿಸಿದ ಮೊತ್ತದ ಕನಿಷ್ಠ ಶೇ. 6 ಹಾಗೂ ಉಳಿದ ಮೊತ್ತದ ಕನಿಷ್ಠ ಶೇ. 8ನ್ನು ಲಾಭವೆಂದು ಘೋಷಿಸತಕ್ಕದ್ದು. ಇದಕ್ಕಿಂತ ಹೆಚ್ಚು ಲಾಭ ಗಳಿಸಿದ್ದಲ್ಲಿ ಅದನ್ನೇ ಘೋಷಿಸಬಹುದು. ಲೆಕ್ಕಪುಸ್ತಕ ಇಡುವ ಹಾಗೂ ಲೆಕ್ಕಪರಿಶೋಧನೆ ಮಾಡಿಸುವ ಅಗತ್ಯವಿರುವುದಿಲ್ಲ. ಮುಂಗಡ ತೆರಿಗೆ ಪಾವತಿಸಬೇಕಾದವರು ಅದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಪಾವತಿಸಬಹುದು.

ಈ ವಿಧಾನದಲ್ಲಿ ಸಾಮಗ್ರಿ, ಕೂಲಿ, ಬಾಡಿಗೆ ಮತ್ತು ಲೆಕ್ಕಪರಿಶೋಧಕರ ಶುಲ್ಕ ಸೇರಿದಂತೆ ಎಲ್ಲ ವೆಚ್ಚಗಳೂ ಈಗಾಗಲೇ ಕಳೆಯಲ್ಪಟ್ಟಿವೆ ಎಂದು ಭಾವಿಸಲಾಗುತ್ತದೆ. ಆದ್ದರಿಂದ ಶುಲ್ಕದ ರಸೀದಿ ಇದ್ದರೂ ಅದನ್ನು ಶೇ. 6 ಅಥವಾ ಶೇ. 8ರ ಲಾಭದಿಂದ ಮತ್ತೆ ಕಳೆಯಲು ಅವಕಾಶವಿಲ್ಲ.

ವಿನ್ಯಾಸ ಅಥವಾ ಸಲಹೆ ನೀಡಿ ಶುಲ್ಕ ಪಡೆಯುವ ಎಂಜಿನಿಯರ್, ವಾಸ್ತುಶಿಲ್ಪಿ ಹಾಗೂ ಒಳಾಂಗಣ ಅಲಂಕಾರಿಕರಿಗೆ ಕಲಂ 44ಎಡಿಎ ಅನ್ವಯಿಸುತ್ತದೆ. ಅವರ ಲಾಭವನ್ನು ಸ್ವೀಕೃತಿಯ ಕನಿಷ್ಠ ಶೇ. 50 ಎಂದು ಪರಿಗಣಿಸಲಾಗುತ್ತದೆ.

2. ಲೆಕ್ಕಪುಸ್ತಕ ಆಧಾರಿತ ವಿಧಾನ

ಈ ವಿಧಾನದಲ್ಲಿ ಸ್ವೀಕೃತಿಯಿಂದ ವಾಸ್ತವ ವೆಚ್ಚಗಳನ್ನು ಕಳೆದು ಲಾಭವನ್ನು ನಿರ್ಧರಿಸಲಾಗುತ್ತದೆ. ಲೆಕ್ಕ ಬರೆಯುವುದು, ಲೆಕ್ಕಪರಿಶೋಧನೆ ಮತ್ತು ವ್ಯವಹಾರದ ರಿಟರ್ನ್ ಸಿದ್ಧಪಡಿಸುವುದಕ್ಕೆ ನೀಡಿದ ಶುಲ್ಕವನ್ನು ಕಲಂ 37(1)ರ ಅನ್ವಯ ಈ ಕೆಳಗಿನ ಷರತ್ತುಗಳಿಗೆ ಒಳಪಟ್ಟು ಕಳೆಯಬಹುದು:

(ಅ) ವೆಚ್ಚವು ಸಂಪೂರ್ಣವಾಗಿ ವ್ಯವಹಾರಕ್ಕೆ ಸಂಬಂಧಿಸಿರಬೇಕು. ಕುಟುಂಬದ ಇತರ ಸದಸ್ಯರ ರಿಟರ್ನ್ ಅಥವಾ ಸ್ವಂತ ಆಸ್ತಿಯ ವಿಷಯಕ್ಕೆ ನೀಡಿದ ಶುಲ್ಕ ಇದರಲ್ಲಿ ಸೇರುವುದಿಲ್ಲ.
(ಆ) ಒಬ್ಬರಿಗೆ ಒಂದೇ ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ನೀಡಿದಲ್ಲಿ ಆ ವೆಚ್ಚವನ್ನು ಮಾನ್ಯ ಮಾಡಲಾಗುವುದಿಲ್ಲ.
(ಇ) ಲೆಕ್ಕಪರಿಶೋಧಕರು ವಿಧಿಸುವ ಶೇ. 18ರ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆದಿದ್ದಲ್ಲಿ, ಅದನ್ನು ಮತ್ತೆ ವೆಚ್ಚವಾಗಿ ತೋರಿಸುವಂತಿಲ್ಲ.

3. ವಿಧಾನ ಬದಲಿಸುವ ಮುನ್ನ

ಅಂದಾಜು ವಿಧಾನವನ್ನು ಆರಿಸಿಕೊಂಡವರು ಮುಂದಿನ 5 ವರ್ಷಗಳೊಳಗೆ ಅದನ್ನು ಕೈಬಿಟ್ಟು ಕಡಿಮೆ ಲಾಭ ತೋರಿಸಿದಲ್ಲಿ, ಕೈಬಿಟ್ಟ ವರ್ಷದ ನಂತರದ 5 ವರ್ಷಗಳವರೆಗೆ ಆ ಸೌಲಭ್ಯ ದೊರೆಯುವುದಿಲ್ಲ. ಒಟ್ಟು ಆದಾಯವು ವಿನಾಯಿತಿ ಮಿತಿಯನ್ನು ಮೀರಿದ್ದಲ್ಲಿ ಲೆಕ್ಕಪುಸ್ತಕ ಮತ್ತು ಲೆಕ್ಕಪರಿಶೋಧನೆ ಕಡ್ಡಾಯವಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಿತಿಯು ರೂ. 4 ಲಕ್ಷ. ಆದ್ದರಿಂದ ಉಳಿಯುವ ತೆರಿಗೆಯನ್ನು ಲೆಕ್ಕಪರಿಶೋಧನೆಯ ವೆಚ್ಚದೊಂದಿಗೆ ಹೋಲಿಸಿದ ನಂತರವೇ ತೀರ್ಮಾನಿಸುವುದು ಸೂಕ್ತ.

ಉದಾಹರಣೆ 1: ಗುತ್ತಿಗೆದಾರರೊಬ್ಬರ ಸ್ವೀಕೃತಿ ರೂ. 1.5 ಕೋಟಿ, ಎಲ್ಲವೂ ಬ್ಯಾಂಕ್ ಮೂಲಕ ಬಂದಿದೆ, ಬೇರೆ ಆದಾಯವಿಲ್ಲ. ಅಂದಾಜು ಲಾಭ ರೂ. 9 ಲಕ್ಷ, ವಾಸ್ತವ ಲಾಭ ರೂ. 7 ಲಕ್ಷ. ಹೊಸ ಪದ್ಧತಿಯಲ್ಲಿ ರೂ. 12 ಲಕ್ಷದವರೆಗಿನ ಆದಾಯಕ್ಕೆ ಕಲಂ 87ಎ ರಿಯಾಯಿತಿ ಇರುವುದರಿಂದ ಎರಡೂ ವಿಧಾನಗಳಲ್ಲಿ ತೆರಿಗೆ ಶೂನ್ಯ. ಇಲ್ಲಿ ಅಂದಾಜು ವಿಧಾನವನ್ನು ಕೈಬಿಟ್ಟರೆ ಉಳಿತಾಯವೇನೂ ಇಲ್ಲ. ಲೆಕ್ಕಪರಿಶೋಧನೆಯ ಶುಲ್ಕ ಮಾತ್ರ ಹೊರೆಯಾಗುತ್ತದೆ.

ಉದಾಹರಣೆ 2: ಇದೇ ಸಂದರ್ಭದಲ್ಲಿ ಸ್ವೀಕೃತಿ ರೂ. 2.5 ಕೋಟಿ ಆಗಿದ್ದಲ್ಲಿ ಅಂದಾಜು ಲಾಭ ರೂ. 15 ಲಕ್ಷ, ಅದರ ಮೇಲಿನ ತೆರಿಗೆ ಸೆಸ್ ಸಹಿತ ರೂ. 1,09,200. ಲೆಕ್ಕಪರಿಶೋಧಕರ ಶುಲ್ಕವನ್ನೂ ಕಳೆದ ಮೇಲೆ ವಾಸ್ತವ ಲಾಭ ರೂ. 11 ಲಕ್ಷ ಇದ್ದಲ್ಲಿ ತೆರಿಗೆ ಶೂನ್ಯ. ಇಲ್ಲಿ ಲೆಕ್ಕಪುಸ್ತಕ ವಿಧಾನವು ಲಾಭದಾಯಕವಾಗಬಹುದು. ಆದರೆ ಪ್ರತಿ ವೆಚ್ಚಕ್ಕೂ ದಾಖಲೆ ಇರಬೇಕು ಹಾಗೂ ಮುಂದಿನ 5 ವರ್ಷಗಳ ವೆಚ್ಚವನ್ನೂ ಗಣನೆಗೆ ತೆಗೆದುಕೊಳ್ಳಬೇಕು.

4. ಮೂಲದಲ್ಲಿ ಕಡಿತವಾದ ತೆರಿಗೆಯ ಮರುಪಾವತಿ

ಸರ್ಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ಹಾಗೂ ಕಂಪನಿಗಳು ವೈಯಕ್ತಿಕ ಗುತ್ತಿಗೆದಾರರ ಬಿಲ್ಲಿನಿಂದ ಕಲಂ 194ಸಿ ಅನ್ವಯ ಶೇ. 1ರಷ್ಟು ತೆರಿಗೆ ಕಡಿತ ಮಾಡುತ್ತವೆ. ಒಂದು ಪಾವತಿ ರೂ. 30,000 ಅಥವಾ ವರ್ಷದ ಒಟ್ಟು ಪಾವತಿ ರೂ. 1 ಲಕ್ಷ ಮೀರಿದಲ್ಲಿ ಈ ಕಡಿತ ಅನ್ವಯಿಸುತ್ತದೆ. ಪ್ಯಾನ್ ನೀಡದಿದ್ದಲ್ಲಿ ಕಡಿತದ ದರ ಶೇ. 20.

ರೂ. 40 ಲಕ್ಷ ಸ್ವೀಕೃತಿಯುಳ್ಳವರಿಂದ ಹೀಗೆ ರೂ. 40,000 ಕಡಿತವಾಗಿರುತ್ತದೆ. ಅವರ ಶೇ. 6ರ ಲಾಭ ರೂ. 2.4 ಲಕ್ಷ ಮಾತ್ರ. ಬೇರೆ ಆದಾಯವಿಲ್ಲದಿದ್ದಲ್ಲಿ ಪಾವತಿಸಬೇಕಾದ ತೆರಿಗೆ ಏನೂ ಇಲ್ಲ. ಆದರೂ ರಿಟರ್ನ್ ಸಲ್ಲಿಸದ ಹೊರತು ರೂ. 40,000 ಮರಳಿ ಬರುವುದಿಲ್ಲ. ಅಲ್ಲದೆ, 60 ವರ್ಷದೊಳಗಿನವರಿಗೆ ವರ್ಷದ ಕಡಿತ ರೂ. 25,000 ಅಥವಾ ಹೆಚ್ಚು ಇದ್ದಲ್ಲಿ ರಿಟರ್ನ್ ಸಲ್ಲಿಕೆ ಕಡ್ಡಾಯ.

5. ರಿಟರ್ನ್ ಸಲ್ಲಿಸುವ ಕ್ರಮ

- ಫಾರಂ 26ಎಎಸ್‌ನಲ್ಲಿ ಎಲ್ಲ ಕಡಿತಗಳೂ ದಾಖಲಾಗಿವೆಯೇ ಎಂದು ಪರಿಶೀಲಿಸಬೇಕು. ಬಿಟ್ಟುಹೋಗಿದ್ದಲ್ಲಿ ಕಡಿತ ಮಾಡಿದ ಕಚೇರಿಯನ್ನು ಸಂಪರ್ಕಿಸಬೇಕು.
- ಅಂದಾಜು ವಿಧಾನಕ್ಕೆ ಸಾಮಾನ್ಯವಾಗಿ ಐ.ಟಿ.ಆರ್.-4, ಲೆಕ್ಕಪುಸ್ತಕ ವಿಧಾನಕ್ಕೆ ಐ.ಟಿ.ಆರ್.-3 ಬಳಸಬೇಕು.
- ಮರುಪಾವತಿಗಾಗಿ ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮುಂಚಿತವಾಗಿ ದೃಢೀಕರಿಸಿರಬೇಕು.
- ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಪರಿಶೀಲನೆ ಪೂರ್ಣಗೊಳಿಸಬೇಕು.
- ವಿಳಂಬ ಶುಲ್ಕ ರೂ. 5,000, ಒಟ್ಟು ಆದಾಯ ರೂ. 5 ಲಕ್ಷ ಮೀರದವರಿಗೆ ರೂ. 1,000.

ಇಲಾಖೆಯ ಪೋರ್ಟಲ್‌ನಲ್ಲಿ ರಿಟರ್ನ್ ಸಲ್ಲಿಸಲು ಯಾವುದೇ ಸೇವಾ ಶುಲ್ಕವಿಲ್ಲ. ಗುತ್ತಿಗೆದಾರರು ಸ್ವತಃ ಅಥವಾ ಬೇರೆಯವರ ನೆರವಿನಿಂದ ಸಲ್ಲಿಸಬಹುದು. ಆದರೆ ತೆರಿಗೆ ಲೆಕ್ಕಪರಿಶೋಧನಾ ವರದಿಗೆ ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟ್ ಮಾತ್ರ ಸಹಿ ಮಾಡತಕ್ಕದ್ದು. ರಿಟರ್ನ್ ಅನ್ನು ಬೇರೆಯವರು ಸಿದ್ಧಪಡಿಸಿದ್ದರೂ ಅದರಲ್ಲಿನ ಮಾಹಿತಿಗೆ ತೆರಿಗೆದಾರರೇ ಹೊಣೆಗಾರರು.

ಸೂಚನೆ: ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬರುವ ದಿನಾಂಕ 1-4-2026. ಅಂದಿನಿಂದ ಗಳಿಸುವ ಆದಾಯಕ್ಕೆ ಅದರ ಕಲಂ ಸಂಖ್ಯೆಗಳು ಅನ್ವಯಿಸುತ್ತವೆ. 2025-26 ಹಾಗೂ ಹಿಂದಿನ ವರ್ಷಗಳ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯವಾಗುತ್ತದೆ.