ಭದ್ರಾವತಿಯ ನ್ಯೂ ಟೌನ್‌ನಲ್ಲಿ ಅರ್ಧ ದಿನ

ಶಿವಮೊಗ್ಗದಿಂದ ತರೀಕೆರೆ, ಕಡೂರು ದಾರಿಯಾಗಿ ಬೆಂಗಳೂರಿಗೆ ಹೊರಟವರಿಗೆ ಭದ್ರಾವತಿ ಎಂದರೆ ಬಸ್ಸು ತುಸು ನಿಂತು ಹೊರಡುವ ಊರು. ಇಲ್ಲಿಳಿದು ನೋಡುವಂಥದ್ದು ಏನಿದೆ ಎನ್ನುವವರೇ ಹೆಚ್ಚು. ಅರ್ಧ ದಿನ ಬಿಡುವಿದ್ದರೆ ಇಳಿಯಬೇಕು.

ಮೊದಲು ನ್ಯೂ ಟೌನ್. ಇದು ಕಾರ್ಖಾನೆಗಾಗಿ ಹುಟ್ಟಿದ ಊರು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಜಾಗದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಜಾಗದ ಆಯ್ಕೆಗೆ ಕಾರಣ ಸುತ್ತಲೇ ಇತ್ತು: ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ, ಭದ್ರೆಯ ನೀರು. ಅದಿರು ರೋಪ್‌ವೇ ಮೂಲಕ ಬೆಟ್ಟ ಇಳಿದು ಬರುತ್ತಿತ್ತು. ಕಲ್ಲಿದ್ದಲು ದೂರವಾದ್ದರಿಂದ ಕುಲುಮೆ ಉರಿದದ್ದು ಇದ್ದಿಲಿನಿಂದ. ಕಟ್ಟಿಗೆಯನ್ನು ಗಾಳಿಯಾಡದ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸಿದಾಗ ಇದ್ದಿಲಷ್ಟೇ ಅಲ್ಲ, ಟಾರು, ಮೆಥನಾಲ್‌ನಂಥ ರಾಸಾಯನಿಕಗಳೂ ಸಿಗುತ್ತಿದ್ದವು. ಅವೂ ಮಾರಾಟಕ್ಕೆ ಹೋಗುತ್ತಿದ್ದವು. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಬಂದು ಕಾರ್ಖಾನೆಯನ್ನು ದಡ ಮುಟ್ಟಿಸಿದರು. ಮುಂದೆ ಅದಕ್ಕೆ ಅವರದೇ ಹೆಸರು ಬಂತು.

ಅನುಮತಿಯಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಹೊರಗಿನ ರಸ್ತೆಗಳಲ್ಲಿ ಅಡ್ಡಾಡಿದರೂ ಸಾಕು, ಕ್ವಾರ್ಟರ್ಸ್ ಸಾಲು, ಮರಗಳ ನೆರಳು, ಆಟದ ಮೈದಾನ ಸೇರಿ ಕಾರ್ಖಾನೆ ಊರಿನ ನಕಾಶೆ ಅರ್ಥವಾಗುತ್ತದೆ. 2023ರ ಜನವರಿಯಲ್ಲಿ, ಅಂದರೆ ಉತ್ಪಾದನೆಗೆ ನೂರು ತುಂಬಿದ ತಿಂಗಳಲ್ಲೇ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿಗೆ ಕೂತರು. ಪಕ್ಕದ ಕಾಗದನಗರದ ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದು 1936ರಲ್ಲಿ; ಅಲ್ಲಿ ಉತ್ಪಾದನೆ 2015ರಲ್ಲೇ ನಿಂತಿತ್ತು.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಸಂಗತಿ: ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ, 1949ರಲ್ಲಿ. ಇಪ್ಪತ್ತು ವರ್ಷದ ಬಳಿಕ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್ ಆಡಿ, ಒಂದು ಇನ್ನಿಂಗ್ಸ್‌ನಲ್ಲಿ ಸೊನ್ನೆ, ಇನ್ನೊಂದರಲ್ಲಿ 137 ಹೊಡೆದರು.

ನ್ಯೂ ಟೌನ್‌ನಿಂದ ಆಟೋ ಹಿಡಿದರೆ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ. 13ನೇ ಶತಮಾನದ ಹೊಯ್ಸಳ ಕಟ್ಟಡ, ತ್ರಿಕೂಟಾಚಲ: ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ ಮೂವರಿಗೂ ಪ್ರತ್ಯೇಕ ಗರ್ಭಗುಡಿ, ನಡುವೆ ಒಂದೇ ನವರಂಗ. ಒಳಗೆ ಹೋಗುವ ಮುನ್ನ ಜಗತಿಯ ಮೇಲೆ ಒಂದು ಸುತ್ತು ಬರುವುದು ಒಳ್ಳೆಯದು. ಗೋಡೆ ನೇರವಾಗಿ ಓಡದೆ ಮೂಲೆ ಮೂಲೆಯಾಗಿ ತಿರುಗುವುದು, ಬಿಸಿಲು ಓರೆಯಾದಂತೆ ಬಳಪದ ಕಲ್ಲಿನ ಮೂರ್ತಿಗಳ ನೆರಳು ಆಳವಾಗುವುದು ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಒಳಗಿನ ಕಂಬಗಳು ತಿರುಗಣಿಗೆ ಕೊಟ್ಟು ಕಡೆದಂತೆ ನುಣುಪು.

ಇನ್ನೂ ಸಮಯ ಉಳಿದರೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಹೋಗಿಬರಬಹುದು. ಊರವರು ಬಿ.ಆರ್.ಪಿ. ಎನ್ನುವುದು ಈ ಅಣೆಕಟ್ಟಿನ ಬಳಿಯ ಊರಿಗೆ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟವೂ ಅದೇ ದಿಕ್ಕಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ನದಿ ರೀವ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಮಳೆಗಾಲದಲ್ಲಿ ಹೋದವರಿಗೆ ಈ ನಡುಗಡ್ಡೆಗಳು ಕಾಣಿಸುವುದಿಲ್ಲ. ತುಂಬಿದ ಜಲಾಶಯವನ್ನು ನೋಡಿ ಬರಬೇಕು.