ಬರ ಹೆತ್ತ ಕಿರುಹಳಿಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ವಿಠ್ಠಲಭಕ್ತರಲ್ಲಿ ಯಾತ್ರಿಕರ ದಿಂಡಿಯೊಡನೆ ನಡೆದು ಪಂಢರಪುರಕ್ಕೆ ಹೋಗಲಾರದವರಿಗೆ ಒಂದು ಕಾಲಕ್ಕೆ ರೈಲೇ ಗತಿಯಾಗಿತ್ತು. ಘಟಪ್ರಭಾದಲ್ಲೋ ಗೋಕಾಕ ರೋಡಿನಲ್ಲೋ ಮೀಟರ್‌ಗೇಜ್ ಗಾಡಿ ಹತ್ತಿ ಮಿರಜದಲ್ಲಿ ಇಳಿದರೆ, ಅಲ್ಲಿಂದ ಮುಂದೆ ಅದಕ್ಕಿಂತಲೂ ಸಣ್ಣ ಗಾಡಿ ಸಿಗುತ್ತಿತ್ತು. ಅದು ಬಾರ್ಸಿ ಲೈಟ್ ರೈಲ್ವೆ. ಹಳಿಗೂ ಹಳಿಗೂ ನಡುವೆ ಎರಡೂವರೆ ಅಡಿ ಮಾತ್ರ. ಎವರಾರ್ಡ್ ಕ್ಯಾಲ್‌ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು 1897ರಲ್ಲಿ ಓಡಿಸಲು ತೊಡಗಿದ ಈ ರೈಲು 1906ಕ್ಕೆ ಪಂಢರಪುರವನ್ನೂ 1927ಕ್ಕೆ ಮಿರಜವನ್ನೂ ಮುಟ್ಟಿತು. 1954ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಆಮೇಲೂ ಅದು ಅದೇ ಹಳಿಯ ಮೇಲೆ ದಶಕಗಟ್ಟಲೆ ಓಡಿತು.

ಅಷ್ಟೇ ಅಗಲದ ಹಳಿಗಳು ಕನ್ನಡದ ಇನ್ನೊಂದು ಅಂಚಿನಲ್ಲೂ ಬಿದ್ದಿದ್ದವು. ಹೊಸೂರು, ಧರ್ಮಪುರಿ, ಕೃಷ್ಣಗಿರಿಗಳ ಆ ದಾರಿಗಳಿಗೆ ನಲವತ್ತು ವರ್ಷದ ಆಯುಸ್ಸೂ ದಕ್ಕಲಿಲ್ಲ.

ಎರಡೂ ಸೀಮೆಗಳ ರೈಲಿನ ಕಥೆ ಆರಂಭವಾಗುವುದು ಹಸಿವಿನಿಂದ. 1876ರಿಂದ 78ರವರೆಗಿನ ಮಹಾಕ್ಷಾಮ ಬೆಳಗಾವಿ ಜಿಲ್ಲೆಯನ್ನು ಹೇಗೋ ಹಾಗೆಯೇ ಮದರಾಸು ಪ್ರಾಂತದ ಸೇಲಂ ಜಿಲ್ಲೆಯನ್ನೂ ಹಿಂಡಿತು. ಒಂದು ಕಡೆ ಧಾನ್ಯವಿದ್ದರೂ ಇನ್ನೊಂದು ಕಡೆಗೆ ಒಯ್ಯಲು ದಾರಿಯಿಲ್ಲ. ಬಂಡಿ ಎಳೆಯುವ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. 1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರಕ್ಷಣೆಯ ರೈಲು ಬೇಕೆಂದು ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಘಟಪ್ರಭೆಯ ದಡಕ್ಕೆ ಉಗಿಬಂಡಿ ಬಂದದ್ದು ಅದರ ಕೈಯಿಂದ. ಸೇಲಂ ಜಿಲ್ಲೆಯ ಬಡಗಣ ತಾಲ್ಲೂಕುಗಳ ಪಾಳಿ ಬಂದದ್ದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ, ಅದೂ ಅಗ್ಗದ ಹಳಿಯ ರೂಪದಲ್ಲಿ.

ಆ ತಾಲ್ಲೂಕುಗಳು ನಮಗೆ ಹೊರಗಿನವಲ್ಲ. ಧರ್ಮಪುರಿ ಎಂದರೆ ಹಳೆಯ ತಗಡೂರು. ನೊಳಂಬ ಅರಸರ ಕನ್ನಡ ಶಾಸನಗಳು ಅಲ್ಲಿವೆ. ಕೃಷ್ಣಗಿರಿಯ ಕೋಟೆ ಹೈದರ್, ಟಿಪ್ಪುವಿನ ವಶದಲ್ಲಿತ್ತು. ರಾಯಕೋಟೆ ಮೈಸೂರಿನ ಪ್ರಸ್ಥಭೂಮಿಗೆ ಹತ್ತುವ ಕಣಿವೆಯ ಕಾವಲು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಅದನ್ನು ಹಿಡಿದ ಮೇಲೆಯೇ ಕೆಳಗಿನಿಂದ ಆ ಸೈನ್ಯಕ್ಕೆ ಸಾಮಗ್ರಿ ಸಲೀಸಾಗಿ ಬರತೊಡಗಿದ್ದು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಧರ್ಮಪುರಿ, ಕೃಷ್ಣಗಿರಿಗಳಿದ್ದ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಪಾಲಾಯಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಕೂಡ. ಗಡಿ ಬದಲಾದರೂ ಹೊಸೂರಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಇಂದಿಗೂ ಒಂದೇ ಸಂತೆಯಲ್ಲಿ ಚೌಕಾಸಿ ಮಾಡುತ್ತವೆ.

1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ ಇಪ್ಪತ್ತೈದು ಮೈಲಿಯ ಕಿರುದಾರಿ ತೆರೆಯಿತು. ಮರುವರ್ಷ ಮೊರಪ್ಪೂರಿನಿಂದ ಧರ್ಮಪುರಿಗೆ ಹದಿನೆಂಟೂವರೆ ಮೈಲಿಯ ಇನ್ನೊಂದು. ತಿರುಪತ್ತೂರು, ಮೊರಪ್ಪೂರು ಎರಡೂ ಜೋಲಾರಪೇಟೆಯಿಂದ ಸೇಲಂಗೆ ಹೋಗುವ ದೊಡ್ಡ ದಾರಿಯ ನಿಲ್ದಾಣಗಳು. 1908ರಲ್ಲಿ ಮದರಾಸು ರೈಲ್ವೆಯೂ ಸದರ್ನ್ ಮರಾಠಾ ರೈಲ್ವೆಯೂ ಒಂದಾದಾಗ ಈ ಭಾಗ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. ಕಿರುದಾರಿಗಳೂ ಅದರ ಬೆನ್ನಿಗೆ ಹೋದವು. 1913ರಲ್ಲಿ ಧರ್ಮಪುರಿಯ ಹಳಿ ಪಾಲಕ್ಕೋಡು, ರಾಯಕೋಟೆಯ ಮೇಲೆ ಹತ್ತಿ, ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗೆ ಸಮೀಪದ ಹೊಸೂರಿಗೆ ಬಂದು ನಿಂತಿತು. ಕಾರ್ನ್‌ವಾಲಿಸನ ಸೈನ್ಯಕ್ಕೆ ಸಾಮಗ್ರಿ ಏರಿ ಬಂದ ಕಡೆಯೇ ಪುಟ್ಟ ಎಂಜಿನ್ನೂ ಏದುಸಿರು ಬಿಟ್ಟು ಏರಿತು.

ಬಂದು ನಿಂತಿತು ಎಂದೆನಲ್ಲ, ಈ ದಾರಿಯ ಹಣೆಬರಹ ಇರುವುದು ಅಲ್ಲಿಯೇ. ಹೊಸೂರಿನಿಂದ ಬೆಂಗಳೂರಿಗೆ ಇಪ್ಪತ್ತೈದು ಮೈಲಿ. ಊರಿನ ಹುಣಸೆ, ರಾಗಿ, ತರಕಾರಿಗೆ ಸಹಜವಾದ ಪೇಟೆ ಅದು. ಹಳಿಯೋ ಬೆಂಗಳೂರಿಗೆ ಬೆನ್ನು ಹಾಕಿತ್ತು. ಬ್ರಿಟಿಷ್ ಜಿಲ್ಲೆ ಮುಗಿದು ಮೈಸೂರು ಸಂಸ್ಥಾನ ಶುರುವಾಗುವಲ್ಲಿ ಅದರ ಕೊನೆ. ಹೊಸೂರಿನವನು ರೈಲಿನಲ್ಲೇ ಬೆಂಗಳೂರಿಗೆ ಹೋಗುತ್ತೇನೆಂದು ಹಟ ಹಿಡಿದರೆ ಮೊದಲು ಕೆಳಗಿಳಿದು ಮೊರಪ್ಪೂರು, ಅಲ್ಲಿಂದ ಜೋಲಾರಪೇಟೆ, ಅಲ್ಲಿಂದ ಬಂಗಾರಪೇಟೆಯ ಮೇಲೆ ಬೆಂಗಳೂರು, ಹೀಗೆ ಇನ್ನೂರು ಮೈಲಿಯಷ್ಟು ಸುತ್ತಬೇಕು. ಬಂಡಿ ಹೂಡಿದವನು ಅಷ್ಟರಲ್ಲಿ ವ್ಯಾಪಾರ ಮುಗಿಸಿ ಮನೆಗೆ ಬಂದಿರುತ್ತಿದ್ದ. ಬರಗಾಲದಲ್ಲಿ ಮದರಾಸಿನ ಕಡೆಯಿಂದ ಕಾಳು ತರಲು ಈ ದಿಕ್ಕು ಸರಿ. ಮಳೆ ಬೆಳೆ ಆದ ವರ್ಷ ರೈತನಿಗೆ ಅದು ತಲೆಕೆಳಗು. ದಾರಿಯನ್ನು ನಕ್ಷೆಯ ಮೇಲೆ ಎಳೆದವರು ಸಾವಿನ ಲೆಕ್ಕ ಹಾಕಿದ್ದರು, ಸಂತೆಯ ಲೆಕ್ಕ ಹಾಕಿರಲಿಲ್ಲ ಎಂದೇ ನನಗೆ ತೋರುತ್ತದೆ. ಬಾರ್ಸಿಯ ಗಾಡಿ ಬಾಳಿದ್ದಕ್ಕೂ ಕಾರಣ ಅದೇ ಅಳತೆಗೋಲಿನಲ್ಲಿ ಸಿಗುತ್ತದೆ: ಜನ ಮೊದಲೇ ನಡೆದು ಹೋಗುತ್ತಿದ್ದ ಕಡೆಗೆ ಅದು ಹೋಯಿತು.

ಮೇಲಿಂದ ಗೇಜಿನ ಕಾಟ. ದೊಡ್ಡ ದಾರಿಯ ಅಗಲ ಐದೂವರೆ ಅಡಿ, ಇದರದು ಎರಡೂವರೆ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಹತ್ತದು. ಹೀಗಾಗಿ ಜಂಕ್ಷನ್ನಿನಲ್ಲಿ ಎರಡು ಗಾಡಿಗಳನ್ನು ಎದುರುಬದುರು ನಿಲ್ಲಿಸಿ, ಹಮಾಲರು ಒಂದೊಂದೇ ಚೀಲವನ್ನು ಬೆನ್ನಿಗೇರಿಸಿ ಇಲ್ಲಿಂದಲ್ಲಿಗೆ ಹೊತ್ತು ಹಾಕಬೇಕು. ಕೊಕ್ಕೆ ಚುಚ್ಚಿದಲ್ಲೆಲ್ಲ ಕಾಳು ಸೋರುತ್ತದೆ, ಹಮಾಲಿ ಬೇರೆ, ಸಮಯ ಬೇರೆ. ನೂರಾರು ಮೈಲಿಯ ಸಾಗಣೆಗಾದರೆ ಈ ಖರ್ಚು ಹಂಚಿಹೋಗುತ್ತದೆ. ಹದಿನೆಂಟು ಮೈಲಿಗೆ, ಇಪ್ಪತ್ತೈದು ಮೈಲಿಗೆ ಅದು ಬಾಡಿಗೆಯನ್ನೇ ನುಂಗುತ್ತದೆ.

1920ರ ದಶಕದ ಕೊನೆಗೆ ಮೋಟಾರು ಬಸ್ಸು, ಲಾರಿಗಳು ಬಂದವು. ಮನೆ ಮುಂದೆ ಹತ್ತಿಸಿಕೊಂಡು ಪೇಟೆಯ ನಡುವೆ ಇಳಿಸುವ ಬಸ್ಸಿನ ಎದುರು ಸಣ್ಣ ರೈಲಿನ ಆಟ ನಡೆಯಲಿಲ್ಲ. ಇದು ಒಂದೂರಿನ ಗೋಳೂ ಅಲ್ಲ; ರಸ್ತೆ ಮತ್ತು ರೈಲಿನ ಪೈಪೋಟಿಯನ್ನು ವಿಚಾರಿಸಲು ಭಾರತ ಸರ್ಕಾರವೇ ಮಿಚೆಲ್, ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಿತು, 1933ರಲ್ಲಿ ವರದಿಯೂ ಬಂತು.

ಆಮೇಲೆ ಎರಡನೆಯ ಮಹಾಯುದ್ಧ. ಹಳಿಗೂ ಎಂಜಿನ್ನಿಗೂ ಎಲ್ಲಿಲ್ಲದ ಬೇಡಿಕೆ ಬಂದು, ಲಾಭ ತಾರದ ಶಾಖೆಗಳ ಮೇಲೆ ಕಣ್ಣು ಬಿತ್ತು. 1941ರಲ್ಲಿ ಹೊಸೂರಿನ ದಾರಿ, ಕೃಷ್ಣಗಿರಿಯ ದಾರಿ ಎರಡನ್ನೂ ಮುಚ್ಚಿದರು. ಮಲಬಾರಿನ ಶೋರನೂರು–ನಿಲಂಬೂರು ಶಾಖೆಯ ಹಳಿಯನ್ನೂ ಯುದ್ಧಕಾಲದಲ್ಲಿ ಕಿತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಮತ್ತೆ ಹಳಿ ಹಾಕಿದರು. ಅದು ದೊಡ್ಡ ಗೇಜಿನದು. ಕಿರುಹಳಿಗಳನ್ನು ಮರಳಿ ಕೇಳಿದವರಿಲ್ಲ.

1960ರ ದಶಕದ ಕೊನೆಗೆ ಸೇಲಂನಿಂದ ಧರ್ಮಪುರಿ, ಹೊಸೂರಿನ ಮೇಲೆ ಬೆಂಗಳೂರಿಗೆ ಮೀಟರ್‌ಗೇಜ್ ದಾರಿ ಬಂತು, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. 1913ರಲ್ಲಿ ಬೇಕಿದ್ದ ಇಪ್ಪತ್ತೈದು ಮೈಲಿ ಆ ಮೀಟರ್‌ಗೇಜಿನೊಂದಿಗೆ ಸಿಕ್ಕಿತು. ಮೊರಪ್ಪೂರು–ಧರ್ಮಪುರಿ ನಡುವೆ ಹೊಸ ಹಳಿಗೆ 2019ರಲ್ಲಿ ಶಂಕುಸ್ಥಾಪನೆ ನಡೆಯಿತು. ಇನ್ನುಳಿದದ್ದು ಕೃಷ್ಣಗಿರಿ. 2004ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು, ಮಾವಿಗೆ ಹೆಸರಾಯಿತು, ಹೆದ್ದಾರಿಗಳು ಕೂಡುವ ಊರಾಯಿತು. ಚುನಾವಣೆ ಬಂದಾಗಲೆಲ್ಲ ಅಲ್ಲಿಯ ಜನ ಜೋಲಾರಪೇಟೆಯಿಂದ ಹೊಸೂರಿಗೆ ತಮ್ಮೂರ ಮೇಲೆ ರೈಲು ಕೊಡಿ ಎಂದು ಕೇಳುತ್ತಾರೆ. ಈ ಸಲ ಬೆಂಗಳೂರಿನ ಕಡೆಗೂ ಬಾಯಿ ತೆರೆದಿರುವ ದಾರಿ.